ಮುಚ್ಚಳ ಹಿಂದಕ್ಕೆ ಬಾಗಿಸಿದರೆ ಸ್ಕ್ರೀನ್ ಕಪ್ಪು: ಒಂದು ಲ್ಯಾಪ್‌ಟಾಪ್ ಬಿಚ್ಚಿದ ಕಥೆ

ಶುಕ್ರವಾರ ರಾತ್ರಿ

ಅಕ್ಕನ ಮಗಳು ತುಮಕೂರಿನಿಂದ ಬಂದವಳೇ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಊಟದ ಮೇಜಿನ ಮೇಲಿಟ್ಟು, ಅದರ ಬೆನ್ನಿಗೆ ಎರಡು ದಪ್ಪ ಪುಸ್ತಕ ಆನಿಸಿದಳು. "ಹೀಗಿಟ್ರೆ ಮಾತ್ರ ಕಾಣುತ್ತೆ ಮಾಮ. ಸ್ವಲ್ಪ ಅಲ್ಲಾಡಿದ್ರೂ ಹೋಯ್ತು." ಎರಡು ತಿಂಗಳಿಂದ ಹೀಗೇ ಓಡಿಸುತ್ತಿದ್ದಾಳಂತೆ. ಅಲ್ಲಿನ ಒಂದು ಅಂಗಡಿಯಲ್ಲಿ ತೋರಿಸಿದ್ದಕ್ಕೆ "ಡಿಸ್ಪ್ಲೇ ಹೋಗಿದೆ, 6,500 ಆಗುತ್ತೆ, ಬೋರ್ಡಲ್ಲೂ ಏನಾದ್ರೂ ಇದ್ರೆ ಆಮೇಲೆ ಹೇಳ್ತೀನಿ" ಅಂದರಂತೆ. ಬಿಚ್ಚಿ ನೋಡಿದರಾ ಅಂತ ಕೇಳಿದೆ. ಇಲ್ಲವಂತೆ, ಆನ್ ಮಾಡಿ ನೋಡಿ ಹೇಳಿದ್ದು.

ಯಂತ್ರ 15.6 ಇಂಚಿನದು, ಐದು ವರ್ಷ ಹಳೆಯದು, ಮೇಲೆಲ್ಲಾ ಕಾಲೇಜು ಹಬ್ಬದ ಸ್ಟಿಕರ್. ಪುಸ್ತಕ ತೆಗೆದು ಮುಚ್ಚಳವನ್ನು ನಿಧಾನಕ್ಕೆ ಹಿಂದಕ್ಕೆ ಬಾಗಿಸಿದೆ. ನೇರ ನಿಂತಿದ್ದಾಗ ಚಿತ್ರ ಸ್ವಚ್ಛವಾಗಿತ್ತು. ಇನ್ನೊಂದು ಬೆರಳಗಲ ಹಿಂದಕ್ಕೆ ಹೋದಾಗ ಪಟಪಟ ಮಿನುಗಿತು. ಮತ್ತೂ ಸ್ವಲ್ಪ ಹೋದಾಗ ಪೂರ್ತಿ ಕಪ್ಪು. ವಾಪಸ್ ತಂದಾಗ ಒಂದು ಕ್ಷಣ ಬಿಳಿ ಹಾಳೆ ಹಾಗೆ ಬೆಳಗಿ, ಆಮೇಲೆ ಚಿತ್ರ ಬಂತು.

ಇಷ್ಟು ನೋಡಿದ ಮೇಲೆ ಪ್ಯಾನಲ್, ಅಂದರೆ ಚಿತ್ರ ತೋರಿಸುವ ಗಾಜಿನ ಹಲಗೆ, ಅದರ ಮೇಲೆ ಅನುಮಾನ ಪಡೋದು ನನಗಂತೂ ಕಷ್ಟ. ಪ್ಯಾನಲ್ಲಿಗೆ ತಾನು ಯಾವ ಕೋನದಲ್ಲಿ ನಿಂತಿದ್ದೇನೆ ಅನ್ನೋದು ಗೊತ್ತಾಗಲ್ಲ. ಮುಚ್ಚಳ ಅಲ್ಲಾಡಿದಾಗ ಬಾಗೋದು ಎರಡೇ: ಕೀಲು, ಕೀಲಿನ ಪಕ್ಕ ಹಾದುಹೋಗುವ ತಂತಿಗಳು. ಆದರೂ ಅಂದಾಜಿನ ಮೇಲೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು ಹಿಂದೆ ಪೆಟ್ಟು ತಿಂದಿದ್ದೇನೆ. ಹಾಗಾಗಿ ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳನ್ನೆಲ್ಲಾ ಮೊದಲು ಮುಗಿಸಿದೆ.

ಸ್ಕ್ರೀನ್ ಕಪ್ಪಾಗಿದ್ದಾಗ ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತಿತ್ತು. ಅಂದರೆ ಒಳಗೆ ಜೀವ ಇದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಚಿತ್ರ ಮೂಡಿಸುವ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್, ಮತ್ತೆ ಶುರುವಾಗುತ್ತೆ, ಬೀಪ್ ಅಂತ ಒಂದು ಸದ್ದು ಬರುತ್ತೆ. ಸದ್ದು ಬಂತು, ಚಿತ್ರ ಬರಲಿಲ್ಲ. ಆಮೇಲೆ ವಿಂಡೋಸ್‌ಗಿಂತ ಮೊದಲೇ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಅಲ್ಲೂ ಮುಚ್ಚಳ ಬಾಗಿಸಿದೆ, ಅದೇ ಮಿನುಗು. ಬಯೋಸ್‌ನಲ್ಲಿ ವಿಂಡೋಸೂ ಇಲ್ಲ, ಅದರ ಡ್ರೈವರೂ ಇಲ್ಲ. ಸಾಫ್ಟ್‌ವೇರ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಎಷ್ಟೋ ಜನ ಈ ಒಂದು ನಿಮಿಷದ ಕೆಲಸ ಬಿಟ್ಟು ನೇರವಾಗಿ ವಿಂಡೋಸ್ ಅಳಿಸಿ ಮತ್ತೆ ಹಾಕಿಸುತ್ತಾರೆ, ಅದಕ್ಕೆ ದುಡ್ಡೂ ಕೊಡುತ್ತಾರೆ.

(ವಿಂಡೋಸ್ ಒಳಗೆ ಮಾತ್ರ ಮಿನುಗುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ. ಅದೂ ಸೇರಿ ಮಿನುಗಿದರೆ ಸಾಮಾನ್ಯವಾಗಿ ಡ್ರೈವರ್ ತೊಂದರೆ. ಅದೊಂದು ಅಲುಗಾಡದೆ ನಿಂತು ಉಳಿದದ್ದೆಲ್ಲಾ ಮಿನುಗಿದರೆ ಯಾವುದೋ ಆ್ಯಪ್‌ನ ಕಿತಾಪತಿ.)

ಮುಂದಿನದು ಎಚ್‌ಡಿಎಂಐ ವೈರ್ ಹಾಕಿ ಟಿವಿಗೆ ಕೊಡೋದು. ಟಿವಿಯಲ್ಲಿ ಚಿತ್ರ ಬಂಡೆಯ ಹಾಗೆ ನಿಂತಿತ್ತು, ಮುಚ್ಚಳ ಎಷ್ಟು ಬಾಗಿಸಿದರೂ ಅಲ್ಲಾಡಲಿಲ್ಲ. ಗ್ರಾಫಿಕ್ಸ್ ಚಿಪ್ ಸರಿಯಾಗಿದೆ ಅಂತಾಯಿತು. ಹಾಗಂತ ಬೋರ್ಡ್ (ಮದರ್‌ಬೋರ್ಡ್) ಪೂರ್ತಿ ಪಾಸ್ ಅಂತಲ್ಲ, ಪ್ಯಾನಲ್ಲಿನ ಬೆಳಕಿಗೆ ಕರೆಂಟ್ ಕೊಡುವ ಭಾಗವೇ ಬೇರೆ ಇದೆ.

ಕೊನೆಗೆ ಟಾರ್ಚ್. ನನಗೆ ಇಷ್ಟವಾದ ಪರೀಕ್ಷೆ ಇದೇ. ಕೋಣೆಯ ದೀಪ ಆರಿಸಿ, ಸ್ಕ್ರೀನ್ ಕಪ್ಪಾಗುವ ಕೋನಕ್ಕೆ ಮುಚ್ಚಳ ತಂದು, ಮೊಬೈಲ್ ಟಾರ್ಚನ್ನು ಗಾಜಿಗೆ ಹತ್ತಿರ ಓರೆಯಾಗಿ ಹಿಡಿದೆ. ಮೊದಲು ನನ್ನ ಮುಖವೇ ಕಂಡಿತು. ಕೈ ಸ್ವಲ್ಪ ಸರಿಸಿದಾಗ, ಕೆರೆಯ ತಳದಲ್ಲಿ ಬಿದ್ದ ನಾಣ್ಯದ ಹಾಗೆ, ಡೆಸ್ಕ್‌ಟಾಪಿನ ಐಕಾನ್‌ಗಳು ಮಸುಕಾಗಿ ಕಂಡವು. ಚಿತ್ರ ಇದೆ, ಹಿಂದಿನ ಬೆಳಕು ಇಲ್ಲ. ಇನ್ನೂ ಹಿಂದಕ್ಕೆ ಬಾಗಿಸಿದಾಗ ಆ ಐಕಾನ್‌ಗಳೂ ಮಾಯ.

ಅಂದರೆ ಒಂದು ಕೋನದಲ್ಲಿ ಬೆಳಕು ಹೋಗುತ್ತೆ, ಇನ್ನೊಂದರಲ್ಲಿ ಚಿತ್ರವೇ ಹೋಗುತ್ತೆ. ಎರಡೂ ಒಟ್ಟಿಗೆ ಓಡಾಡುವ ಜಾಗ ಒಂದೇ, ಬೋರ್ಡಿನಿಂದ ಪ್ಯಾನಲ್ಲಿಗೆ ಹೋಗುವ ಡಿಸ್ಪ್ಲೇ ಕೇಬಲ್. ಅಕ್ಕನ ಮಗಳಿಗೆ ಹೇಳಿದೆ, 6,500 ಉಳಿಯಬಹುದು, ಆದರೆ ಈಗಲೇ ಖುಷಿ ಪಡಬೇಡ.

ಶನಿವಾರ ಬೆಳಿಗ್ಗೆ

ಸ್ಕ್ರೂ ಇಡೋಕೆ ನಾನು ಇಡ್ಲಿ ತಟ್ಟೆ ಬಳಸುತ್ತೇನೆ. ತೂತಿಲ್ಲದ ಹಳೆಯ ತಟ್ಟೆ, ನಾಲ್ಕು ಗುಳಿ. ಬಲ ಮೂಲೆಯ ಸ್ಕ್ರೂ ಒಂದರಲ್ಲಿ, ಎಡ ಮೂಲೆಯದು ಇನ್ನೊಂದರಲ್ಲಿ, ಹೀಗೆ. ಲ್ಯಾಪ್‌ಟಾಪಿನ ಸ್ಕ್ರೂಗಳು ನೋಡೋಕೆ ಒಂದೇ ಥರ ಇದ್ದರೂ ಉದ್ದ ಬೇರೆಬೇರೆ ಇರುತ್ತೆ. ಗಿಡ್ಡನೆಯದರ ಜಾಗಕ್ಕೆ ಉದ್ದನೆಯದನ್ನು ಹಾಕಿ ತಿರುಗಿಸಿದರೆ ಕೀಬೋರ್ಡ್ ಪಕ್ಕದಲ್ಲಿ ಮೊಡವೆ ಎದ್ದ ಹಾಗೆ ಉಬ್ಬುತ್ತೆ. ಅಮ್ಮ ಬಂದು ನೋಡಿ, "ನಾಳೆ ಇಡ್ಲಿಗೆ ಅದೇ ತಟ್ಟೆ ಬೇಕು ಕಣೋ" ಅಂದರು. ಸಂಜೆಯೊಳಗೆ ಕೊಡ್ತೀನಿ ಅಂದೆ. ಕೊಡಲಿಲ್ಲ ಅನ್ನೋದು ಮುಂದೆ ಗೊತ್ತಾಗುತ್ತೆ.

ಕೆಳಗಿನ ಕವರಿಗೆ ಕಾಣುವ ಸ್ಕ್ರೂ ಒಂಬತ್ತು, ಹಿಂದಿನ ರಬ್ಬರ್ ಕಾಲಿನ ಅಡಿಯಲ್ಲಿ ಅವಿತಿರುವವು ಎರಡು. ಕವರ್ ಏಳದಿದ್ದರೆ ಬಲ ಹಾಕಬೇಡಿ, ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತಲೇ ಅರ್ಥ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ಎಳೆಯುತ್ತಾ ಹೋದರೆ ಕ್ಲಿಪ್‌ಗಳು ಟಕ್ ಟಕ್ ಅಂತ ಬಿಡುತ್ತವೆ.

ಕವರ್ ತೆಗೆದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಡಿಸಬೇಕು. ಆಮೇಲೆ ಪವರ್ ಬಟನ್ ಒಂದಷ್ಟು ಹೊತ್ತು ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಬೇಕು. ಇದನ್ನು ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ. ಡಿಸ್ಪ್ಲೇ ಕೇಬಲಿನಲ್ಲಿ ಬೆಳಕಿಗೆ ಹೋಗುವ ವೋಲ್ಟೇಜ್ ಬ್ಯಾಟರಿ ಅಥವಾ ಚಾರ್ಜರಿನಿಂದ ಹೆಚ್ಚುಕಮ್ಮಿ ನೇರವಾಗಿ ಬರುತ್ತೆ, ಪಕ್ಕದಲ್ಲೇ 3.3 ವೋಲ್ಟಿನ ಸೂಕ್ಷ್ಮ ಭಾಗಗಳಿರುತ್ತವೆ. ಕರೆಂಟ್ ಇರುವಾಗ ಕನೆಕ್ಟರ್ ಒಂದಿಷ್ಟು ಓರೆಯಾಗಿ ಕೂತರೆ ಬೋರ್ಡಿನ ಮೇಲಿನ ಅಕ್ಕಿಕಾಳಿಗಿಂತ ಚಿಕ್ಕ ಫ್ಯೂಸ್ ಸುಟ್ಟುಹೋಗುತ್ತೆ. ಆಗ ಹೊಸ ಪ್ಯಾನಲ್ ಹಾಕಿದರೂ ಬೆಳಕು ಬರಲ್ಲ. ಕೆಲವು ವರ್ಷದ ಹಿಂದೆ ಗೆಳೆಯನೊಬ್ಬನ ಲ್ಯಾಪ್‌ಟಾಪ್‌ಗೆ ನಾನೇ ಹೀಗೆ ಮಾಡಿ, ಒಂದು ವಾರ ಅವನ ಫೋನ್ ಎತ್ತಲು ನಾಚಿಕೆ ಪಟ್ಟಿದ್ದೆ.

ಎಡಗಡೆ ಕೀಲು ನೋಡಿದಾಗ ಕಥೆ ಅರ್ಥವಾಯಿತು. ಕೀಲಿನ ಲೋಹದ ಪಟ್ಟಿಯನ್ನು ಹಿಡಿದಿಡೋದು ಮೂರು ಸ್ಕ್ರೂ. ಅವು ಕೂರೋದು ಪ್ಲಾಸ್ಟಿಕ್ ಒಳಗೆ ಹುದುಗಿಸಿರುವ ಚಿಕ್ಕ ಹಿತ್ತಾಳೆ ನಟ್‌ಗಳಲ್ಲಿ. ಮೂರರಲ್ಲಿ ಎರಡು ನಟ್ ಪ್ಲಾಸ್ಟಿಕನ್ನು ಕಿತ್ತುಕೊಂಡು ಹೊರಗೆ ಬಂದಿದ್ದವು, ಸ್ಕ್ರೂ ತುದಿಯಲ್ಲಿ ಉಂಗುರದ ಹಾಗೆ ತೂಗುತ್ತಿದ್ದವು. ಸುತ್ತ ಕರಿ ಪ್ಲಾಸ್ಟಿಕ್ ಪುಡಿ. ಮುಚ್ಚಳ ತೆರೆದಾಗಲೆಲ್ಲಾ ಪಟ್ಟಿ ಮೇಲೆದ್ದು, ಅದರ ಅಡಿಯಲ್ಲಿ ಹೋಗುವ ಕೇಬಲನ್ನು ಅರೆಯುತ್ತಿತ್ತು. ಕೇಬಲಿನ ಬಟ್ಟೆ ಟೇಪ್ ಒಂದು ಕಡೆ ಹರಿದು, ಒಳಗಿನ ತಂತಿಗಳು ಹೊರಗೆ ಕಾಣುತ್ತಿದ್ದವು.

"ಯಾವಾಗಾದ್ರೂ ಟಕ್ ಅಂತ ಸದ್ದು ಬಂದಿತ್ತಾ?"

"ದೀಪಾವಳಿ ರಜೇಲಿ ಬಂದಿತ್ತು ಮಾಮ. ಆಮೇಲೆ ಏನೂ ಆಗ್ಲಿಲ್ವಲ್ಲ ಅಂತ ಸುಮ್ನಾದೆ."

ಆಗಲೇ ಎಲ್ಲಾ ಆಗಿತ್ತು. ಸ್ಕ್ರೀನಿಗೆ ಸುದ್ದಿ ತಲುಪೋಕೆ ತಿಂಗಳುಗಳು ಹಿಡಿದವು, ಅಷ್ಟೇ.

ಕೇಬಲ್ ಪೂರ್ತಿ ಹೊರಗೆ ತೆಗೆಯಬೇಕಾದರೆ ಸ್ಕ್ರೀನಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನೂ ಬಿಡಿಸಬೇಕು. ಇದರಲ್ಲಿ ಪ್ಯಾನಲನ್ನು ನಾಲ್ಕು ಮೂಲೆಯಲ್ಲಿ ಸ್ಕ್ರೂ ಹಾಕಿ ನಿಲ್ಲಿಸಿದ್ದರು, ನಮ್ಮ ಪುಣ್ಯ. ಈಗಿನ ಸಣ್ಣ ಅಂಚಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ಯಾನಲ್ ಹಿಂದೆ ರಬ್ಬರಿನಂತೆ ಎಳೆಯುವ ಅಂಟುಪಟ್ಟಿ ಇರುತ್ತೆ. ಅದನ್ನು ನಿಧಾನವಾಗಿ ಎಳೆದು ತೆಗೆಯದೆ ಪ್ಯಾನಲನ್ನೇ ಮೀಟಿದರೆ ಗಾಜು ಬಿರುಕು ಬಿಡುತ್ತೆ. ಪ್ಯಾನಲ್ ಬೆನ್ನಿನ ಸ್ಟಿಕರ್ ಮೇಲೆ ಎನ್‌ಟಿ156ಡಬ್ಲ್ಯೂಎಚ್‌ಎಂ-ಎನ್42 ಅಂತಿತ್ತು. 1366×768, 30 ಪಿನ್. ತುಂಬಾ ಸಾಮಾನ್ಯವಾದ ಪ್ಯಾನಲ್, ಹೋಗಿದ್ದರೂ ಸಿಗುತ್ತಿತ್ತು.

ಈ 30 ಪಿನ್‌ಗಳ ಲೆಕ್ಕ ಗೊತ್ತಿದ್ದರೆ ಲಕ್ಷಣಗಳು ತಾವೇ ಬಾಯಿಬಿಡುತ್ತವೆ. 12, 13 ಪ್ಯಾನಲಿನ 3.3 ವೋಲ್ಟ್. 6, 7 ಚಿತ್ರ ತರುವ ಮುಖ್ಯ ಜೋಡಿ. 22ನೇದು "ಬೆಳಕು ಹಚ್ಚು" ಅನ್ನುವ ಆಜ್ಞೆ, 23 ಎಷ್ಟು ಹಚ್ಚಬೇಕು ಅನ್ನೋದು. 26ರಿಂದ 29ರವರೆಗೆ ಬೆಳಕಿನ ಕರೆಂಟ್, ನಾಲ್ಕು ಪಿನ್ ಜೊತೆಯಾಗಿ. ಕರೆಂಟಿನ ತಂತಿ ಒಂದು ತುಂಡಾದರೆ ಗೊತ್ತೇ ಆಗಲ್ಲ, ಉಳಿದವು ಹೊರುತ್ತವೆ. 22ನೇದಕ್ಕೆ ಜೊತೆಗಾರ ಇಲ್ಲ. ಅದು ಹೋದರೆ ಬೆಳಕು ಆರುತ್ತೆ, ಚಿತ್ರ ಕತ್ತಲಲ್ಲಿ ಹಾಗೇ ನಿಂತಿರುತ್ತೆ. ನಿನ್ನೆ ಟಾರ್ಚಿನಲ್ಲಿ ಕಂಡದ್ದು ಅದೇ ಅಲ್ವಾ?

ಖಾತ್ರಿ ಮಾಡಿಕೊಳ್ಳೋಣ ಅಂತ ಮಲ್ಟಿಮೀಟರ್ ತಂದೆ, ತಂತಿ ತುಂಡಾಗದಿದ್ದರೆ ಅದು ಸದ್ದು ಮಾಡುತ್ತೆ. ಪಿನ್‌ಗಳ ನಡುವೆ ಅರ್ಧ ಮಿಲಿಮೀಟರ್ ಅಂತರ, ಮೀಟರಿನ ಮೊನೆ ಒಂದೇ ಸಲಕ್ಕೆ ಮೂರನ್ನು ಮುಟ್ಟುತ್ತೆ. ಹೊಲಿಗೆ ಸೂಜಿಯನ್ನು ಮೊನೆಗೆ ತಂತಿಯಿಂದ ಬಿಗಿದು, ಭೂತಗನ್ನಡಿ ಹಿಡಿಯೋಕೆ ಅಕ್ಕನ ಮಗಳನ್ನು ಕೂರಿಸಿಕೊಂಡೆ. ಕೇಬಲಿನ ಎರಡು ತುದಿಯಲ್ಲಿ ಪಿನ್ನುಗಳ ಕ್ರಮ ಒಂದೇ ಇರಲ್ಲ, ಹಾಗಾಗಿ ಈ ಕಡೆಯ 22 ಆ ಕಡೆ ಎಲ್ಲಿದೆ ಅಂತ ಹುಡುಕೋದೇ ಅರ್ಧ ಗಂಟೆಯ ಕೆಲಸ. ಸಿಕ್ಕಿತು. ಕೇಬಲ್ ನೆಟ್ಟಗಿದ್ದರೆ ಮೀಟರ್ ಕೀಂ ಅನ್ನುತ್ತಿತ್ತು, ಹರಿದ ಜಾಗದಲ್ಲಿ ಬೆರಳಿನಿಂದ ಸ್ವಲ್ಪ ಮಡಿಸಿದರೆ ಸದ್ದು ನಿಲ್ಲುತ್ತಿತ್ತು. ಮಡಿಸಿ ಬಿಟ್ಟು, ಮಡಿಸಿ ಬಿಟ್ಟು ಮೂರು ಸಲ ಕೇಳಿದೆವು. ಅಂಗಡಿಯವರಿಗೆ ಇದನ್ನು ಕೇಳಿಸಬೇಕಿತ್ತು ಅಂತ ಅವಳು ಅಂದಳು.

ಬೆಸುಗೆ ಹಾಕಬಹುದಲ್ಲ ಅಂತ ಕೇಳುವವರಿಗೆ: 22ನೇ ತಂತಿಗೆ ಹಾಕಬಹುದು. ಚಿತ್ರದ ಜೋಡಿಗೆ ಹಾಕಬೇಡಿ. ಅದು ಕೂದಲಿನಷ್ಟು ತೆಳು, ಸುತ್ತ ಇನ್ನೊಂದು ಲೋಹದ ಜಾಲರಿ, ಅದರಲ್ಲಿ ಸೆಕೆಂಡಿಗೆ ಗಿಗಾಬಿಟ್‌ಗಳ ಲೆಕ್ಕದಲ್ಲಿ ಸಂಕೇತ ಓಡುತ್ತೆ. ಜೋಡಿಸಿದ ಗಂಟಿನಲ್ಲಿ ಅದು ಎಡವುತ್ತೆ. ಕೇಬಲ್ಲೇ ಬದಲಾಯಿಸೋದು ಸರಿ.

ಇಲ್ಲಿ ನನ್ನ ಪೆದ್ದುತನ

ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಹಾಕಿ ಆನ್‌ಲೈನಲ್ಲಿ ಕೇಬಲ್ ಆರ್ಡರ್ ಮಾಡಿದೆ, 780 ರೂಪಾಯಿ. ಮಂಗಳವಾರ ಬಂತು. ಕವರ್ ಹರಿದ ಕೂಡಲೇ ಗೊತ್ತಾಯಿತು, ಪ್ಯಾನಲ್ ಕಡೆಯ ಕನೆಕ್ಟರ್ ಅಗಲವಾಗಿದೆ. 40 ಪಿನ್. ಅದೇ ಮಾಡೆಲಿನಲ್ಲಿ ಟಚ್ ಸ್ಕ್ರೀನ್ ಇರುವುದೂ ಬರುತ್ತೆ, ಕಳಿಸಿದ್ದು ಅದರ ಕೇಬಲ್. ಹಳೆಯ ಕೇಬಲಿನ ಟೇಪ್ ಮೇಲೆ ಡಿಸಿ02 ಅಂತ ಶುರುವಾಗುವ ನಂಬರ್ ಕಣ್ಣಿಗೆ ರಾಚುವ ಹಾಗೆ ಅಚ್ಚಾಗಿತ್ತು. ನಾನು ಅದನ್ನು ನೋಡಿದ್ದೆ, ಮೊಬೈಲಿನಲ್ಲಿ ಫೋಟೋ ಕೂಡ ತೆಗೆದಿದ್ದೆ. ಆರ್ಡರ್ ಮಾಡುವಾಗ ಬಳಸಲಿಲ್ಲ. ಹುಡುಕಬೇಕಾದದ್ದು ಆ ನಂಬರನ್ನು, ಲ್ಯಾಪ್‌ಟಾಪಿನ ಹೆಸರನ್ನಲ್ಲ.

ಬುಧವಾರ ಆಫೀಸ್ ಮುಗಿಸಿ ಹಳೆಯ ಕೇಬಲನ್ನು ಜೇಬಿಗೆ ಹಾಕಿಕೊಂಡು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದೆ. ಅಲ್ಲಿಂದ ಎಸ್‌.ಪಿ. ರಸ್ತೆಗೆ, ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳ ಸಾಲಿಗೆ, ನಡೆದೇ ಹೋಗಬಹುದು. ಮೂರನೇ ಅಂಗಡಿಯ ಹುಡುಗ ಕೇಬಲನ್ನು ಕೈಯಲ್ಲಿ ತಿರುಗಿಸಿ ನೋಡಿ, "ಕೀಲು ಹೋಗಿದ್ಯಾ ಅಣ್ಣ?" ಅಂದ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಅಟ್ಟ ಹತ್ತಿ ಒಂದು ಪ್ಲಾಸ್ಟಿಕ್ ಚೀಲ ತಂದು, ಹೊಸದನ್ನೂ ಹಳೆಯದನ್ನೂ ಗಾಜಿನ ಮೇಲೆ ಪಕ್ಕಪಕ್ಕ ಮಲಗಿಸಿ ಉದ್ದ, ತಿರುವು, ಎರಡೂ ತುದಿ ಹೊಂದಿಸಿ ತೋರಿಸಿದ. 600 ರೂಪಾಯಿ. ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ಇದರ ನಡುವೆ ಅವಳದು ಹೊಸ ಬೇಡಿಕೆ, "ಹೇಗೂ ಬಿಚ್ಚಿದ್ದೀರಲ್ಲ ಮಾಮ, ಫುಲ್ ಎಚ್‌ಡಿ ಸ್ಕ್ರೀನ್ ಹಾಕಿಬಿಡಿ." ಕೇಳೋಕೆ ಸುಲಭ. 1366×768 ಪ್ಯಾನಲಿಗೆ ಚಿತ್ರದ ಒಂದು ಜೋಡಿ ತಂತಿ ಸಾಕು. ಒಂದು ಜೋಡಿ ಸೆಕೆಂಡಿಗೆ 2.7 ಗಿಗಾಬಿಟ್ ಓಡಿಸಿದರೂ ಸಂಕೇತ ಕಟ್ಟಿ ಕಳಿಸುವ (ಕೋಡಿಂಗ್) ಖರ್ಚು ಕಳೆದು ಕೈಗೆ ಸಿಗೋದು 2.16. 1920×1080ಕ್ಕೆ ಅದು ಸಾಲದು, ಎರಡು ಜೋಡಿ ಬೇಕು. ಕಡಿಮೆ ಬೆಲೆಯ ಮಾಡೆಲ್‌ಗಳ ಕೇಬಲಿನಲ್ಲಿ ಎರಡನೇ ಜೋಡಿಯ ಜಾಗದಲ್ಲಿ ಎಷ್ಟೋ ಸಲ ತಂತಿಯನ್ನೇ ಹಾಕಿರಲ್ಲ. ಇದರಲ್ಲೂ 3, 4ನೇ ಪಿನ್ ಖಾಲಿ ಇದ್ದವು. ಇನ್ನೊಂದು ಕೇಬಲ್ ಹುಡುಕುವ ತಾಳ್ಮೆ ನನಗಿರಲಿಲ್ಲ.

ಕೀಲು

ಕೇಬಲ್ ಮಾತ್ರ ಬದಲಾಯಿಸಿ ಮುಚ್ಚಿದ್ದರೆ ಅದೂ ನಾಲ್ಕು ತಿಂಗಳಲ್ಲಿ ಅರೆದುಹೋಗುತ್ತಿತ್ತು. ಹಾಗಾಗಿ ಜಾಸ್ತಿ ಹೊತ್ತು ಹಿಡಿದದ್ದು ಇದಕ್ಕೇ.

ಹಿತ್ತಾಳೆ ನಟ್‌ಗಳು ಕಿತ್ತುಬಂದ ಗುಂಡಿಗಳ ಗೋಡೆ ಅರ್ಧ ಉಳಿದಿತ್ತು. ಸ್ಪಿರಿಟ್ಟಿನಿಂದ ಒರೆಸಿ, ಮರಳು ಕಾಗದದಿಂದ ತರಿತರಿ ಮಾಡಿದೆ, ನುಣುಪಿದ್ದರೆ ಅಂಟು ಹಿಡಿಯಲ್ಲ. ಅಂಟು ಅರಾಲ್ಡೈಟ್. ಐದು ನಿಮಿಷದಲ್ಲಿ ಗಟ್ಟಿಯಾಗುವುದಲ್ಲ, ರಾತ್ರಿಯೆಲ್ಲಾ ಬೇಕಾಗುವ ಹಳೆಯ ನಿಧಾನದ್ದು. ಫೆವಿಕ್ವಿಕ್ ಹಾಕಿದವರ ಕೀಲುಗಳನ್ನು ನೋಡಿದ್ದೇನೆ. ಎರಡು ದಿನ ನಿಲ್ಲುತ್ತೆ, ಆಮೇಲೆ ಗಾಜಿನ ಹಾಗೆ ಚಟ್ ಅಂತ ಬಿಡುತ್ತೆ.

ನಟ್ ಒಳಗೆ ಅಂಟು ಹೋದರೆ ಸ್ಕ್ರೂ ಶಾಶ್ವತವಾಗಿ ಸೇರಿಕೊಳ್ಳುತ್ತೆ. ಅದಕ್ಕೆ ಸ್ಕ್ರೂಗೆ ಸ್ವಲ್ಪ ವ್ಯಾಸಲಿನ್ ಸವರಿ, ನಟ್‌ಗೆ ಹಾಕಿ, ಕೀಲಿನ ಪಟ್ಟಿ ಸಮೇತ ಕೂರಿಸಿದೆ, ಹಾಗಾದರೆ ಜಾಗ ಒಂದು ಕೂದಲೂ ತಪ್ಪಲ್ಲ. ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ತೆಗೆದು ನಟ್ ಸುತ್ತ ತುಂಬಿದೆ. ಮೇಲೆ ಎರಡು ಬಟ್ಟೆ ಕ್ಲಿಪ್. ಮುಟ್ಟದೆ ಒಂದು ದಿನ ಬಿಟ್ಟೆ. ಇಡ್ಲಿ ತಟ್ಟೆ ಆಗಲೂ ನನ್ನ ಮೇಜಿನ ಮೇಲೇ ಇತ್ತು, ಮನೆಯಲ್ಲಿ ಆ ವಾರವೆಲ್ಲಾ ದೋಸೆ.

ನಟ್ ಕಿತ್ತುಬಂದದ್ದಕ್ಕೂ ಒಂದು ಕಾರಣ ಇರಬೇಕಲ್ಲ. ಕೀಲು ತೀರಾ ಬಿಗಿಯಾಗಿತ್ತು. ಮುಚ್ಚಳ ಎತ್ತುವಾಗ ತಿರುಗುವ ಬದಲು ಅದು ಬುಡವನ್ನೇ ಎಳೆಯುತ್ತಿತ್ತು. ಕೀಲಿನ ತುದಿಯ ನಟ್ಟನ್ನು ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಡಿಲಿಸಿದೆ, ಎರಡೂ ಕಡೆ ಅಷ್ಟೇ. ಎಣ್ಣೆ ಹಾಕಲು ಹೋಗಬೇಡಿ, ಅದು ಹರಿದು ಪ್ಯಾನಲಿನ ಅಂಚಿಗೆ ಹೋಗುತ್ತೆ. ಇನ್ನೊಂದು, ಅವಳು ಮುಚ್ಚಳ ತೆರೆಯೋದನ್ನು ಗಮನಿಸಿದೆ: ಯಾವಾಗಲೂ ಎಡ ಮೂಲೆ ಹಿಡಿದು ಎತ್ತುತ್ತಾಳೆ. ಎಡ ಕೀಲಿನ ಮೇಲೇ ಪೂರ್ತಿ ಭಾರ. ನಡುವೆ ಹಿಡಿದು ಎತ್ತು ಅಂದೆ. ಹ್ಞೂಂ ಅಂದು ಮತ್ತೆ ಮೂಲೆಗೇ ಕೈ ಹಾಕಿದಳು.

ಶುಕ್ರವಾರ ರಾತ್ರಿ, ಮತ್ತೆ ಕಪ್ಪು

ಹೊಸ ಕೇಬಲನ್ನು ಕೀಲಿನ ಪಕ್ಕದ ಕಾಲುವೆಯಲ್ಲಿ ಹಳೆಯದು ಮಲಗಿದ್ದ ಹಾಗೆಯೇ ಮಲಗಿಸಿದೆ. ಪ್ಯಾನಲ್ ಕಡೆಯ ಕನೆಕ್ಟರನ್ನು ಮೇಲಿಂದ ಒತ್ತಬಾರದು, ಮಟ್ಟಸವಾಗಿ ಹಿಡಿದು ಒಳಕ್ಕೆ ನೂಕಿ, ತಂತಿಯ ಕೊಕ್ಕೆ ಮಡಚಿ, ಮೇಲೆ ಟೇಪ್. ಚೌಕಟ್ಟು ಹಾಕುವ ಮೊದಲೇ ಬ್ಯಾಟರಿ ಜೋಡಿಸಿ ಆನ್ ಮಾಡಿದೆ. ಕಂಪನಿಯ ಚಿಹ್ನೆ ಬಂತು, ಲಾಗಿನ್ ಬಂತು, ಮುಚ್ಚಳ ಹಿಂದೆ ಮುಂದೆ ಬಾಗಿಸಿದರೂ ಅಲುಗಾಡದ ಚಿತ್ರ. ಅವಳು ಚಪ್ಪಾಳೆ ಹೊಡೆದಳು. ನಾನು ಮೊಬೈಲನ್ನು ಕೀಬೋರ್ಡ್ ಪಕ್ಕ ಇಟ್ಟು ಚೌಕಟ್ಟು ತೆಗೆದುಕೊಳ್ಳಲು ತಿರುಗಿದೆ. ಸ್ಕ್ರೀನ್ ಕಪ್ಪು.

ಮುಚ್ಚಳ ಬಾಗಿಸಿದೆ, ಕಪ್ಪು. ಟಾರ್ಚ್ ಹಾಕೋಣ ಅಂತ ಮೊಬೈಲ್ ಎತ್ತಿ, ಲ್ಯಾಪ್‌ಟಾಪಿನ ಪವರ್ ಬಟನ್ ಒತ್ತಿದರೆ ಚಿತ್ರ ಬಂತು! ಮೊಬೈಲ್ ಕೆಳಗಿಟ್ಟೆ, ಹೋಯಿತು. ಕನೆಕ್ಟರ್ ಬಿಚ್ಚಿ ಹಾಕಿದೆ. ಬೋರ್ಡ್ ಕಡೆಯದನ್ನೂ ಬಿಚ್ಚಿ ಹಾಕಿದೆ. ಫ್ಯೂಸ್ ಹತ್ತಿರ ಮೀಟರ್ ಹಿಡಿದೆ. ನಲವತ್ತು ನಿಮಿಷ ಹೀಗೆ ಹೋಯಿತು, ಆ ಅಂಗಡಿಯವರೇ ಸರಿ ಇದ್ದರೇನೋ ಅನ್ನುವ ಮಟ್ಟಕ್ಕೆ ಬಂದಿದ್ದೆ.

ನನ್ನ ಮೊಬೈಲ್ ಕವರ್ ಪುಸ್ತಕದ ಹಾಗೆ ಮಡಚುವಂಥದ್ದು, ಮುಚ್ಚುವ ಪಟ್ಟಿಯಲ್ಲಿ ಅಯಸ್ಕಾಂತ. ಲ್ಯಾಪ್‌ಟಾಪಿನ ಅಂಗೈ ಇಡುವ ಜಾಗದ ಅಡಿಯಲ್ಲಿ ಅಯಸ್ಕಾಂತವನ್ನು ಗುರುತಿಸುವ ಒಂದು ಹಾಲ್ ಸೆನ್ಸರ್ ಇದೆ, ಮುಚ್ಚಳದಲ್ಲಿ ಒಂದು ಚಿಕ್ಕ ಅಯಸ್ಕಾಂತ. ಎರಡೂ ಹತ್ತಿರ ಬಂದರೆ ಮುಚ್ಚಳ ಮುಚ್ಚಿತು ಅಂದುಕೊಂಡು ಯಂತ್ರ ನಿದ್ದೆಗೆ ಹೋಗುತ್ತೆ. ಅದಕ್ಕೆ ನನ್ನ ಮೊಬೈಲೇ ಮುಚ್ಚಳವಾಗಿತ್ತು. ಕಂಡುಹಿಡಿದದ್ದು ನಾನಲ್ಲ, ಅವಳು. "ಮಾಮ, ನೀವು ಫೋನ್ ಇಟ್ಟಾಗ್ಲೇ ಹೋಗುತ್ತೆ ಅಲ್ವಾ?" ಅಂದಳು, ಭೂತಗನ್ನಡಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು.

ಎಲ್ಲಾ ಮುಚ್ಚಿ ಸ್ಕ್ರೂ ಹಾಕಿದಾಗ ಹನ್ನೊಂದೂವರೆ. ತಟ್ಟೆ ಖಾಲಿಯಾಯಿತು, ಒಂದೂ ಉಳಿಯಲಿಲ್ಲ. ಸೋಪು ಹಾಕಿ ಎರಡು ಸಲ ತೊಳೆದು ಅಡುಗೆಮನೆಯಲ್ಲಿಟ್ಟೆ.

ಯಾರಾದರೂ ಇದನ್ನು ಓದಿ ಸ್ಕ್ರೀನಿನಲ್ಲಿ ಕಾಣುವ ಎಲ್ಲಾ ಗೆರೆಗಳಿಗೂ ಕೇಬಲ್ ತರಲು ಹೋಗಬೇಡಿ. ಬಯೋಸ್‌ನಲ್ಲೂ, ಯಾವ ಕೋನದಲ್ಲೂ, ಅದೇ ಜಾಗದಲ್ಲಿ ಒಂದೇ ನೆಟ್ಟನೆ ಗೆರೆ ನಿಂತಿದ್ದರೆ, ಟಿವಿಯಲ್ಲಿ ಅದು ಕಾಣದಿದ್ದರೆ, ಹೆಚ್ಚಾಗಿ ಪ್ಯಾನಲ್ ಅಂಚಿನ ಅಂಟು ಬಿಟ್ಟಿರುತ್ತೆ. ಶಾಯಿ ಚೆಲ್ಲಿದ ಹಾಗೆ ಕಲೆ ಇದ್ದರೆ ಒಳಗಿನ ಗಾಜು ಒಡೆದಿದೆ. ಅವೆರಡಕ್ಕೂ ಪ್ಯಾನಲ್ಲೇ ಬದಲಾಗಬೇಕು.

ಮೂರು ವಾರದ ಮೇಲೆ

ಫೋನ್ ಬಂತು. "ಮಾಮ, ಸ್ಕ್ರೀನ್ ಚೆನ್ನಾಗಿದೆ. ಆದ್ರೆ ಹಾಸ್ಟೆಲಲ್ಲಿ ಎಲ್ರಿಗೂ ವೈಫೈ ಬರುತ್ತೆ, ನನಗೆ ಬಾಗಿಲ ಹತ್ರ ಹೋದ್ರೆ ಮಾತ್ರ." ವೈಫೈ ಆಂಟೆನಾ ಇರೋದೂ ಮುಚ್ಚಳದಲ್ಲೇ, ಅದರ ಕರಿ ಮತ್ತು ಬಿಳಿ ತಂತಿಗಳು ಹಾದುಬರೋದೂ ಕೀಲಿನ ಪಕ್ಕದಲ್ಲೇ. ಕೆಲಸಕ್ಕೆ ಅಡ್ಡ ಬರುತ್ತೆ ಅಂತ ನಾನೇ ಅವನ್ನು ಬಿಡಿಸಿದ್ದೆ. ಮುಂದಿನ ಭಾನುವಾರ ಅವಳು ಬಂದಾಗ ಮತ್ತೆ ಹನ್ನೊಂದು ಸ್ಕ್ರೂ. ಬಿಳಿ ತಂತಿ ವೈಫೈ ಕಾರ್ಡಿನ ಪಕ್ಕದಲ್ಲಿ ಸುಮ್ಮನೆ ಮಲಗಿತ್ತು. ಬೆರಳಿನಿಂದ ಒತ್ತಿದೆ, ಟಿಕ್ ಅಂತ ಕೂತಿತು. ಹೇಗೂ ತೆಗೆದಿದ್ದೀನಲ್ಲ ಅಂತ ಎಡ ಕೀಲಿಗೆ ಟಾರ್ಚ್ ಬಿಟ್ಟು ನೋಡಿದೆ: ಅಂಟು ಬಿರುಕಿಲ್ಲದೆ ನಿಂತಿದೆ, ಕೇಬಲ್ ಮೇಲೆ ಗೀರೂ ಇಲ್ಲ. ಈ ಸಲ ಸ್ಕ್ರೂಗಳನ್ನು ಹಾಕಿಟ್ಟಿದ್ದು ಚಟ್ನಿ ಬಟ್ಟಲಿನಲ್ಲಿ. ತಟ್ಟೆಯಲ್ಲಿ ಇಡ್ಲಿ ಬೇಯುತ್ತಿತ್ತು.